ಹದಿನೈದರಲ್ಲಿದ್ದೂ ಹೊರಗೆ ಕೂತವರು

ಪ್ರಶ್ನೆ: ಕ್ರಿಕೆಟ್ ವಿಶ್ವಕಪ್‌ಗೆ 15 ಜನರನ್ನು ಆರಿಸ್ತಾರೆ, ಆಡೋದು 11 ಜನ. ಉಳಿದವರು ಅಷ್ಟೊಂದು ತಯಾರಿ ಮಾಡಿ ಏನು ಪ್ರಯೋಜನ? ನನ್ನ ಮಗಳು ಶಾಲಾ ತಂಡದಲ್ಲಿದ್ದಾಳೆ, ಆದರೆ ನೀರಿನ ಬಾಟಲಿ ಹೊರುವುದೇ ಆಗಿದೆ. ಪ್ರಾಕ್ಟೀಸ್ ಬಿಡ್ತೀನಿ ಅಂತಾಳೆ.
– ಒಬ್ಬ ತಾಯಿ, ಕಡೂರು

ಉತ್ತರ: ದಯವಿಟ್ಟು ಬಿಡಿಸಬೇಡಿ ಅಮ್ಮಾ. 2017ರ ಮಹಿಳಾ ವಿಶ್ವಕಪ್‌ನಲ್ಲಿ ನಿಮ್ಮೂರಿನ ವೇದಾ ಕೃಷ್ಣಮೂರ್ತಿ ಇಂಗ್ಲೆಂಡ್‌ನ ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ರನ್ ಹೊಡೆದರಲ್ಲ, ಆ ಪಂದ್ಯ ನೆನಪಿದೆಯಾ? ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್‌ಗೆ ಆ ವಿಶ್ವಕಪ್‌ನಲ್ಲಿ ಅದೇ ಮೊದಲ ಪಂದ್ಯ, ಅದಕ್ಕೂ ಮುಂಚಿನ ಆರು ಪಂದ್ಯಗಳಲ್ಲಿ ಅವರು ಹೊರಗೇ ಕೂತಿದ್ದರು. ಅವತ್ತು ಬರೀ 15 ರನ್ ಕೊಟ್ಟು 5 ವಿಕೆಟ್ ತೆಗೆದರು, ನ್ಯೂಜಿಲೆಂಡ್ 79ಕ್ಕೆ ಮುಗಿಯಿತು! ಕೈ ಪಳಗಿರದಿದ್ದರೆ ಇದು ಆಗ್ತಿತ್ತಾ? 2025ರ ವಿಶ್ವಕಪ್‌ನಲ್ಲಂತೂ ಶಫಾಲಿ ವರ್ಮಾ 15ರಲ್ಲೇ ಇರಲಿಲ್ಲ. ಪ್ರತಿಕಾ ರಾವಲ್‌ಗೆ ಪೆಟ್ಟಾಯಿತು, ಇವರನ್ನು ಕರೆಸಿದರು, ಫೈನಲ್‌ನಲ್ಲಿ 87 ರನ್, 2 ವಿಕೆಟ್.

ಇನ್ನೊಂದು ಮಾತು. ನೆಟ್ಸ್‌ನಲ್ಲಿ ಆಡುವವರಿಗೆ ಬೌಲ್ ಮಾಡಿ ತಯಾರು ಮಾಡುವವರಲ್ಲಿ ಈ ಹೊರಗಿನವರೂ ಇರ್ತಾರೆ, ಅದು ಸುಮ್ನೆ ಕೂರೋದಲ್ಲ.

ಮಗಳು ಬೌಲರ್ ಆಗಿದ್ದರೆ ಪಿಚ್ ಮೇಲೆ ಒಂದು ಕರ್ಚೀಫ್ ಹಾಸಿ, ದಿನಾ ಸಂಜೆ 30 ಚೆಂಡು ಅದರ ಮೇಲೇ ಬೀಳುವ ಹಾಗೆ ಹಾಕಲಿ. ಎಷ್ಟು ಬಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಲಿ. ಹದಿನೈದು ದಿನ ಬಿಟ್ಟು ಆ ನೋಟ್‌ಬುಕ್ ತಗೊಂಡು ಕೋಚ್ ಹತ್ತಿರ ನೀವೇ ಹೋಗಿ.