ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ಮಾರುವುದಾದರೆ ವಿಡಿಯೊ ಮಾಡಬೇಕೇ, ಬರೆದು ಕೊಡಬೇಕೇ?

ಅಂಗಡಿಕಾರರಿಗೆ ಬಿಲ್ಲಿಂಗ್ ಮತ್ತು ಜಿಎಸ್‌ಟಿ ಲೆಕ್ಕ ಕಲಿಸುವ ಕೋರ್ಸೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಆನ್‌ಲೈನಿನಲ್ಲಿ ಮಾರಬೇಕೆಂದು ನೀವು ಬರೆದಿದ್ದೀರಿ. ಈಗ ಓದುವವರೇ ಇಲ್ಲ, ಎಲ್ಲವನ್ನೂ ವಿಡಿಯೊದಲ್ಲಿ ಕೊಡು ಎಂದು ಗೆಳೆಯರು ಹೇಳುತ್ತಿದ್ದಾರೆ, ಅದು ನಿಜವೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಲಬುರಗಿಯಲ್ಲಿ ದಾಲ್ ಮಿಲ್ಲುಗಳ ಗುಮಾಸ್ತರಿಗೂ ಕಿರಾಣಿ ವ್ಯಾಪಾರಿಗಳಿಗೂ ಇದೇ ವಿಷಯವನ್ನು ಕಲಿಸುತ್ತ ಬಂದವನು. 2019ರಲ್ಲಿ 42 ವಿಡಿಯೊ ಮಾಡಿ ಮಾರಿದೆ, ಬರೆದ ಪಾಠವನ್ನು ಬಹಳ ತಡವಾಗಿ ಸೇರಿಸಿದೆ. ಆ ಕ್ರಮ ತಿರುವುಮುರುವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅದು ನನಗೆ ಗೊತ್ತಾದದ್ದು ನಮ್ಮೂರಿನ ನೆಹರು ಗಂಜ್ ಮಾರುಕಟ್ಟೆಯ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ. ಅಲ್ಲಿ ಬಿಲ್ ಬರೆಯುವ ಹುಡುಗ ನನ್ನ ಕೋರ್ಸನ್ನು ಕೊಂಡಿದ್ದ. ಯಾದಗಿರಿಗೆ ಹೊರಡಬೇಕಿದ್ದ ಟೆಂಪೊಕ್ಕೆ ಹಮಾಲರು ಎಣ್ಣೆ ಡಬ್ಬಿ ಏರಿಸುತ್ತಿದ್ದರು, ಚಾಲಕ ಹಾರ್ನ್ ಬಾರಿಸುತ್ತಿದ್ದ, ಹುಡುಗ ಫೋನನ್ನು ತೂಕದ ಯಂತ್ರಕ್ಕೆ ಒರಗಿಸಿಕೊಂಡು ನನ್ನ ಏಳನೆಯ ಪಾಠವನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿದ್ದ. ಆ ಗದ್ದಲದಲ್ಲಿ ನನ್ನ ಧ್ವನಿ ಅವನಿಗೆ ಕೇಳಿಸುವಂತಿರಲಿಲ್ಲ. ಪಕ್ಕದಲ್ಲಿದ್ದ ರಫ್ ಬುಕ್ಕಿನ ಕೊನೆಯ ಪುಟದಲ್ಲಿ ಅವನದೇ ಅಕ್ಷರದಲ್ಲಿ ಹೀಗಿತ್ತು: ‘ಪಾಠ 7, 11:40, ಗಾಡಿ ನಂಬರ್. ಪಾಠ 7, 13:05, ಎಷ್ಟು ಕಿ.ಮೀ. ಪಾಠ 9, 4:20, ಬಿಲ್ ರದ್ದು.’ ಇಂಥ ಸಾಲುಗಳು ಪುಟದ ತುಂಬ ಇದ್ದವು. ನಾನು ಬರೆದು ಕೊಡಬೇಕಾಗಿದ್ದ ಪುಸ್ತಕವನ್ನು, ನನಗೇ ಹಣ ಕೊಟ್ಟವನು, ರಾತ್ರಿ ಕುಳಿತು ತಾನೇ ಬರೆದುಕೊಂಡಿದ್ದ. ಮನೆಗೆ ಬಂದು ಆ ಏಳನೆಯ ಪಾಠವನ್ನು ಬರಹಕ್ಕಿಳಿಸಿ ನೋಡಿದೆ. ಹದಿನೈದು ನಿಮಿಷದ ವಿಡಿಯೊದಲ್ಲಿದ್ದ ವಿಷಯ ಒಂದೂವರೆ ಪುಟಕ್ಕೆ ಮುಗಿಯಿತು. ಉಳಿದದ್ದು ನಮಸ್ಕಾರ, ಚಾನೆಲ್ಲಿನ ಹೆಸರು ಮತ್ತು ಪರದೆ ತೆರೆದುಕೊಳ್ಳುವವರೆಗೆ ನಾನು ಆಡಿದ ಮಾತು.

ಒಂದು ಸಲ ಕಲಿತು ಬಿಡುವ ವಿಷಯಕ್ಕೂ ಕೆಲಸದ ನಡುವೆ ಮತ್ತೆ ಮತ್ತೆ ತೆರೆದು ನೋಡುವ ವಿಷಯಕ್ಕೂ ಇರುವ ವ್ಯತ್ಯಾಸವನ್ನು ನಾನು ಆವರೆಗೆ ಯೋಚಿಸಿರಲಿಲ್ಲ. ಆ ಹುಡುಗ ಹುಡುಕುತ್ತಿದ್ದ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಕೊಳ್ಳುವ ಜಿಎಸ್‌ಟಿ ಪತ್ರ, ಎರಡನೆಯ ಬಗೆಯದು. 50,000 ರೂಪಾಯಿಗಿಂತ ಹೆಚ್ಚಿನ ಸರಕು ಹೊರಟಾಗಲೆಲ್ಲ ಅದು ಬೇಕಾಗುತ್ತದೆ, ಆಗ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ. ಗ್ರಾಹಕರ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ, ಬೇಳೆಕಾಳಿನ ಎಚ್‌ಎಸ್‌ಎನ್ (ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ) 0713 ಎಂಬಂಥ ಸಂಗತಿಗಳನ್ನು ಕಿವಿಯಿಂದ ಕೇಳಿ ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲ. ಅವು ಕಣ್ಣೆದುರು ಗೋಡೆಯ ಮೇಲಿರಬೇಕು.

ಇನ್ನೊಂದು ತೊಂದರೆ ವಿಡಿಯೊ ಹಳತಾಗುವ ರೀತಿಯದು. 2020ರ ನವೆಂಬರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಹೊಸ ರೂಪ ಟ್ಯಾಲಿ ಪ್ರೈಮ್ ಬಂದಾಗ, ನಾನು ಅದರ ಹಳೆಯ ರೂಪವಾದ ಇಆರ್‌ಪಿ 9ರಲ್ಲಿ ತೋರಿಸಿದ್ದ ‘ಅಕೌಂಟ್ಸ್ ಇನ್ಫೊ’ ಎಂಬ ದಾರಿಯೇ ಪರದೆಯಿಂದ ಮಾಯವಾಯಿತು. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಎಂಬ ಕೀಲಿಗಳು ಮಾತ್ರ ಹಾಗೆಯೇ ಉಳಿದವು. 2021ರ ಜನವರಿಯಿಂದ ಇ-ವೇ ಬಿಲ್ಲಿನ ಒಂದು ದಿನದ ಅವಧಿ 100 ಕಿ.ಮೀ. ಬದಲು 200 ಕಿ.ಮೀ.ಗೆ ಎಂದಾಯಿತು. ನನಗೆ ಸಾಕುಸಾಕಾದದ್ದು 2022ರ ಜುಲೈ 18ರಂದು. ಅದುವರೆಗೆ ಬ್ರ್ಯಾಂಡ್ ಇರುವ ಬೇಳೆಯ ಪೊಟ್ಟಣಕ್ಕೆ ಮಾತ್ರ ಇದ್ದ ಶೇ 5ರ ತೆರಿಗೆ, ಅಂದಿನಿಂದ ಮೊದಲೇ ಕಟ್ಟಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಪೊಟ್ಟಣಗಳಿಗೆಲ್ಲ ಅನ್ವಯವಾಯಿತು. ತೊಗರಿಯ ಕಣಜವೆನಿಸಿಕೊಂಡ ಊರಿನಲ್ಲಿ ಲೆಕ್ಕ ಕಲಿಸುವವನಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೊಂದಿಲ್ಲ. ‘ಬ್ರ್ಯಾಂಡ್ ಇಲ್ಲದಿದ್ದರೆ ತೆರಿಗೆ ಇಲ್ಲ’ ಎಂಬ ಮಾತನ್ನು ನಾನು ಮೂರು ವಿಡಿಯೊಗಳಲ್ಲಿ ಹಲವು ಕಡೆ ಆಡಿದ್ದೆ. ಬರಹವಾಗಿದ್ದರೆ ಒಂದು ಸಾಲು ತಿದ್ದಿದರೆ ಸಾಕಿತ್ತು. ವಿಡಿಯೊದಲ್ಲಿ ಒಂದು ಸಾಲು ತಿದ್ದಬೇಕೆಂದರೆ ಅದೇ ಅಂಗಿ, ಅದೇ ಮೈಕು, ನೆಗಡಿಯಿಲ್ಲದ ಅದೇ ಗಂಟಲು ಬೇಕು. ನನ್ನ ತಿದ್ದುಪಡಿಯ ತುಣುಕು ಹಳೆಯ ಧೋತರಕ್ಕೆ ಹಚ್ಚಿದ ಹೊಸ ತೇಪೆಯಂತೆ ಎದ್ದು ಕಾಣುತ್ತಿತ್ತು. ಕೊನೆಗೆ ಮೂರನ್ನೂ ತೆಗೆದುಹಾಕಿದೆ.

ಇಷ್ಟು ಹೇಳಿದೆನೆಂದು ವಿಡಿಯೊವನ್ನು ಕೈಬಿಡಬೇಡಿ. ನಲವತ್ತು ವರ್ಷ ಕಿರ್ದಿ (ದಿನದ ಲೆಕ್ಕ), ಖತಾವಣಿ (ಲೆಡ್ಜರ್) ಬರೆದ ಒಬ್ಬ ಮುನೀಮರಿಗೆ ನಾನು ಬಹಳ ಹೆಮ್ಮೆಯಿಂದ ಬರೆದ ಪಾಠವನ್ನು ಕಳಿಸಿದ್ದೆ. ಎಫ್8 ಒತ್ತಿ ಎಂದು ಅದರಲ್ಲಿತ್ತು. ಅವರು ಮೊದಲು ಎಫ್ ಒತ್ತಿದರು, ಆಮೇಲೆ 8 ಒತ್ತಿದರು, ಏನೂ ಆಗುತ್ತಿಲ್ಲವೆಂದು ಫೋನ್ ಮಾಡಿದರು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಬೆರಳು ಎಲ್ಲಿಗೆ ಹೋಗುತ್ತದೆಂದು ತೋರಿಸುವ ಹತ್ತು ಸೆಕೆಂಡಿನ ವಿಡಿಯೊ ಕಳಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಅವರು ಎಡವಿದ ಇನ್ನೊಂದು ಜಾಗ ಕನ್ನಡದ ಪಾಠಗಳಿಗೇ ವಿಶೇಷವಾದದ್ದು. ನಾವು ಪುಟದಲ್ಲಿ ‘ಲೆಡ್ಜರ್’ ಎಂದು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಪರದೆಯ ಮೇಲೆ ಅದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಖತಾವಣಿ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲ ಅವರಿಗೆ ಇವೆರಡೂ ಒಂದೇ ಎಂದು ಹೊಂದಿಸಿಕೊಳ್ಳಲು ಆಗಲಿಲ್ಲ. ಈಗ ಪ್ರತಿ ಹೆಜ್ಜೆಗೂ ಪರದೆಯ ಚಿತ್ರವನ್ನು ಹಾಕಿ, ಒತ್ತಬೇಕಾದ ಜಾಗಕ್ಕೆ ಕೆಂಪು ಸುತ್ತು ಹಾಕಿ 1, 2, 3 ಎಂದು ಸಂಖ್ಯೆ ಕೊಡುತ್ತೇನೆ. ಅದೂ ಸಾಲದ ಕಡೆ ವಿಡಿಯೊ ಇದೆ.

ನಮ್ಮ ಭಾಗದ ಮತ್ತೊಂದು ಸಂಗತಿಯೂ ಇದೆ. ಸೇಡಂ ಕಡೆಯ ಕೆಲವರು ತೆಲುಗನ್ನು, ಆಳಂದ ಕಡೆಯ ಕೆಲವರು ಮರಾಠಿಯನ್ನು, ನಗರದೊಳಗಿನ ಅನೇಕರು ಉರ್ದುವನ್ನು ಶಾಲೆಯಲ್ಲಿ ಕಲಿತಿರುತ್ತಾರೆ. ಅವರು ಕನ್ನಡವನ್ನು ಸರಾಗವಾಗಿ ಆಡುತ್ತಾರೆ, ಓದುವುದು ಕಷ್ಟ. ಅವರಿಗೆ ಬರಹ ಉಪಯೋಗಕ್ಕೆ ಬರುವುದಿಲ್ಲ, ‘ಹಿಸಾಬು’, ‘ಬಾಕಿ’, ‘ಜಮಾ’ ಎಂದು ನಾನು ಮಾತಿನಲ್ಲಿ ಹೇಳಿದರೆ ಕೂಡಲೇ ಹಿಡಿಯುತ್ತಾರೆ. ಅದೇ ಮಾತು ಮೈಸೂರಿನ ಕಡೆಯ ಗಿರಾಕಿಗಳಿಗೆ ತೊಡಕಾಗುತ್ತದೆ. ಅವರು ಬರೆದ ಪಾಠವನ್ನೇ ಕೇಳುತ್ತಾರೆ. ನೀವು ಯಾವ ಭಾಗದವರಿಗೆ ಮಾರಲಿದ್ದೀರಿ ಎಂಬುದನ್ನು ಪ್ರಶ್ನೆಯಲ್ಲಿ ಹೇಳಿಲ್ಲ.

ಹಣದ ವಿಚಾರದಲ್ಲಿ ನಿಮ್ಮ ಗೆಳೆಯರ ಮಾತಿನಲ್ಲಿ ಸತ್ಯವಿದೆ. ಬರೆದ ಪಾಠವನ್ನಷ್ಟೇ 150 ರೂಪಾಯಿಗೆ ಇಟ್ಟಾಗ ಕೊಂಡವರು ಬೆರಳೆಣಿಕೆಯಷ್ಟು ಜನ, ಅದರಲ್ಲಿದ್ದುದೆಲ್ಲ ಇದ್ದ ವಿಡಿಯೊ ಕೋರ್ಸನ್ನು 500 ರೂಪಾಯಿಗೆ ಕೊಳ್ಳಲು ಯಾರೂ ಚೌಕಾಸಿ ಮಾಡಲಿಲ್ಲ. ಪಿಡಿಎಫ್‌ಗೆ ಹಣ ಯಾಕೆ ಕೊಡಬೇಕು ಎಂಬ ಭಾವನೆ ಗಟ್ಟಿಯಾಗಿದೆ. ಮೇಲಾಗಿ ಒಬ್ಬ ವಿದ್ಯಾರ್ಥಿಗೆ ಕೊಟ್ಟ ಪಿಡಿಎಫ್ ಎರಡೇ ದಿನದಲ್ಲಿ ಬೇರೊಂದು ತರಬೇತಿ ಕೇಂದ್ರದ ವಾಟ್ಸ್ಆ್ಯಪ್ ಗುಂಪಿನಲ್ಲಿ, ನನ್ನ ಹೆಸರಿದ್ದ ಮೊದಲ ಪುಟವನ್ನು ಕಿತ್ತು, ಹರಿದಾಡುತ್ತಿತ್ತು. ಈಗ ಪ್ರತಿ ಪುಟದ ಅಡಿಯಲ್ಲೂ ಕೊಂಡವರ ಹೆಸರನ್ನು ಹಾಕಿ ಕೊಡುತ್ತೇನೆ. ಹರಿದಾಟ ನಿಂತಿಲ್ಲ, ಕಡಿಮೆಯಾಗಿದೆ. ಆದ್ದರಿಂದ ಎರಡನ್ನೂ ಒಂದೇ ಬೆಲೆಗೆ, ಒಟ್ಟಿಗೆ ಮಾರಿ. ಗಿರಾಕಿ ಹಣ ಕೊಡುವುದು ವಿಡಿಯೊ ನೋಡಿ, ತಿಂಗಳ 19ನೆಯ ತಾರೀಖು ಮರುದಿನ ಸಲ್ಲಿಸಬೇಕಾದ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್ 3ಬಿ) ನೆನಪಾದಾಗ ತೆರೆಯುವುದು ಪಿಡಿಎಫ್. ಬರೆಯುವಾಗ ಯೂನಿಕೋಡ್ ಅಕ್ಷರಗಳಲ್ಲೇ ಬರೆಯಿರಿ. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಮೊದಲ ಆವೃತ್ತಿಯಲ್ಲಿ ‘ರದ್ದು’ ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ, ಹುಡುಕಲಾಗದ ಬರಹಕ್ಕೂ ವಿಡಿಯೊಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕ್ಯಾಮೆರಾ ಕೊಳ್ಳುವ ಮೊದಲು ಇಡೀ ಕೋರ್ಸನ್ನು ಚಿತ್ರಗಳ ಸಮೇತ ಬರೆಯಿರಿ. ಬರೆದದ್ದನ್ನು ಫೋನ್ ಬಳಸಿ ಪಳಗಿದ ಒಬ್ಬ ಹುಡುಗನಿಗೂ ಕಿರ್ದಿ ಬರೆದು ಪಳಗಿದ ಒಬ್ಬ ಹಿರಿಯರಿಗೂ ಕೊಟ್ಟು, ಅವರ ಅಂಗಡಿಯಲ್ಲಿ, ಗಿರಾಕಿಗಳಿರುವ ಹೊತ್ತಿನಲ್ಲಿ ಬಳಸಲು ಹೇಳಿ. ಅವರು ಎಲ್ಲಿ ತಡೆದು ನಿಂತು ನಿಮಗೆ ಫೋನ್ ಮಾಡುತ್ತಾರೋ ಆ ಜಾಗವನ್ನು ಗುರುತು ಹಾಕಿಕೊಂಡು, ಅಷ್ಟಕ್ಕೆ ಮಾತ್ರ ಎರಡು ಮೂರು ನಿಮಿಷದ ವಿಡಿಯೊ ಮಾಡಿ. ನಾನು ತಡವಾಗಿ ಹೀಗೆ ಮಾಡಿ ನೋಡಿದಾಗ ನನ್ನ 42 ವಿಡಿಯೊಗಳ ಪೈಕಿ ನಿಜವಾಗಿ ಬೇಕಾದವು ಒಂಬತ್ತು.