ಮಗನಿಗೆ ಅಆಇಈ ಬಾಯಿಪಾಠ ಬರುತ್ತೆ, ಪದ ಓದೋಕೆ ಬರಲ್ಲ. ಏನು ಮಾಡೋದು?

49 ಅಕ್ಷರವೂ ಮುಗಿಯಲಿ ಅಂತ ಕಾಯಬೇಡಿ. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಇಂದ ಶುರು ಮಾಡುತ್ತಾರೆ. ಈ ಐದರಲ್ಲೇ ಸರ, ದರ, ಅರಸ, ಗರಗಸ ಎಲ್ಲ ಓದಬಹುದು, ಮಗುವಿಗೂ ‘ನಂಗೆ ಓದೋಕೆ ಬಂತು’ ಅನ್ನೋ ಖುಷಿ ಬೇಗ ಸಿಗುತ್ತದೆ, ಅಲ್ವಾ? ಕಾಗುಣಿತ ನಿಧಾನಕ್ಕೆ ಬರಲಿ.

ಜಾಸ್ತಿ ತಲೆನೋವು ಒತ್ತಕ್ಷರದ್ದು. ನನ್ನ ಮಗಳು ‘ಮಂಡಕಿ’ ಅಂತಲೇ ಬರೆಯುತ್ತಿದ್ದಳು, ಹತ್ತು ಸಲ ಸುಮ್ನೆ ಕಾಪಿ ಬರೆಸಿದರೂ ಅಷ್ಟೇ. ಒಂದು ಸಂಜೆ ಇಲ್ಲೇ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ‘ಮಂ-ಡಕ್-ಕಿ’ ಅಂತ ಚಪ್ಪಾಳೆ ತಟ್ಟಿಸಿದೆ. ‘ಕ್’ ಹತ್ತಿರ ಉಸಿರು ಒಂದು ಕ್ಷಣ ನಿಲ್ಲುವುದು ಅವಳಿಗೇ ಗೊತ್ತಾಗಿ, ಅಲ್ಲೇ ಒತ್ತು ಹಾಕಿದಳು. ಬೆಣ್ಣೆ ದೋಸೆ ಬೋರ್ಡನ್ನೂ ಹೀಗೇ ಓದಿಸಿ ನೋಡಿ.