‘ಎಂಜಿನಿಯರರ ತೀರ್ಮಾನವೇ ಅಂತಿಮ’ ಎಂದು ಕರಾರಿನಲ್ಲಿದ್ದರೆ?

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಸರ್ಕಾರಿ ಇಲಾಖೆಯೊಂದಕ್ಕೆ ಚರಂಡಿ ಕಾಮಗಾರಿ ಮುಗಿಸಿಕೊಟ್ಟಿದ್ದೇನೆ. ಇಲಾಖೆ ಜಾಗ ಬಿಟ್ಟುಕೊಟ್ಟದ್ದೇ ತಡವಾಗಿ. ಆದರೂ ವಿಳಂಬಕ್ಕೆ ನಾನೇ ಹೊಣೆಯೆಂದು ಅಂತಿಮ ಬಿಲ್ಲಿನಲ್ಲಿ ದಂಡ ಹಿಡಿದಿದ್ದಾರೆ. ಕಾರ್ಯಪಾಲಕ ಎಂಜಿನಿಯರರ ತೀರ್ಮಾನವೇ ಅಂತಿಮ ಎಂದು ಕರಾರಿನಲ್ಲಿದೆ. ಮರುಪರಿಶೀಲನೆ ಕೋರಿ ಅವರಿಗೇ ಮೇಲಿಂದ ಮೇಲೆ ಅರ್ಜಿ ಕೊಟ್ಟರೂ ಹಿಂಬರಹ ಬಂದಿಲ್ಲ. ಮುಂದೇನು ಮಾಡಬೇಕು?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆ ಒಂದು ಸಾಲಿಗೆ ಹೆದರಿ ನೀವು ಕೈಚೆಲ್ಲಬೇಕಾಗಿಲ್ಲ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಜೊತೆ ರಾಜ್ಯ ಸರ್ಕಾರ ಮಾಡಿಕೊಂಡಿದ್ದ ಕರಾರಿನಲ್ಲಿ, ಷರತ್ತು ಮುರಿದರೆ ಸರ್ಕಾರವೇ ನಿಗದಿಪಡಿಸಿದ ನಷ್ಟವನ್ನು ಗಿರಣಿಯವರು ತೆರಬೇಕೆಂದಿತ್ತು. 1987ರಲ್ಲಿ ಆ ಪ್ರಕರಣವನ್ನು ತೀರ್ಮಾನಿಸಿದ ಸುಪ್ರೀಂ ಕೋರ್ಟ್, ಷರತ್ತು ಮುರಿದದ್ದು ನಿರ್ವಿವಾದವಾಗಿದ್ದರೆ ಮಾತ್ರ ನಷ್ಟದ ಮೊತ್ತವನ್ನು ಅಧಿಕಾರಿ ಲೆಕ್ಕ ಹಾಕಬಹುದು, ಮುರಿದದ್ದು ಹೌದೋ ಅಲ್ಲವೋ ಎಂಬುದೇ ವಿವಾದವಾಗಿದ್ದರೆ ಅದನ್ನು ಕರಾರಿನ ಒಂದು ಪಕ್ಷವೇ ಕೂತು ತೀರ್ಮಾನಿಸುವಂತಿಲ್ಲ ಎಂದಿತು. ನಿಮ್ಮ ಪ್ರಕರಣದಲ್ಲೂ ಜಗಳ ಇರುವುದು ದಂಡದ ಮೊತ್ತದ ಬಗ್ಗೆಯಲ್ಲ, ವಿಳಂಬ ಯಾರಿಂದಾಯಿತು ಎಂಬುದರ ಬಗ್ಗೆ. ಇದಲ್ಲದೆ, ಕಾನೂನಿನ ಮೂಲಕ ಹಕ್ಕು ಕೇಳುವ ದಾರಿಯನ್ನೇ ಪೂರ್ತಿ ಮುಚ್ಚುವ ಒಪ್ಪಂದ ಅಷ್ಟರಮಟ್ಟಿಗೆ ಅನೂರ್ಜಿತವೆಂದು 1872ರ ಕರಾರು ಅಧಿನಿಯಮದ 28ನೇ ಪ್ರಕರಣ ಹೇಳುತ್ತದೆ. ವಿವಾದವನ್ನು ಕೋರ್ಟಿನ ಬದಲು ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪಿಸುವ ಷರತ್ತಿಗೆ ಅದರಲ್ಲಿ ವಿನಾಯಿತಿಯಿದೆ.

ನನಗೆ ಹೆಚ್ಚು ಆತಂಕ ತಂದಿರುವುದು ನೀವು ಅರ್ಜಿ ಕೊಡುತ್ತ ಕಾಯುತ್ತಿರುವುದು. ಮರುಪರಿಶೀಲನೆ ಎಂಬುದು ಕೇಳಿದವರಿಗೆಲ್ಲ ತಾನಾಗಿ ಸಿಗುವ ಹಕ್ಕಲ್ಲ. ಶಾಸನದಡಿ ಆದೇಶ ಹೊರಡಿಸುವ ಅಧಿಕಾರಿಗೂ, ಆ ಶಾಸನವೇ ಕೊಟ್ಟಿರದ ಹೊರತು, ತನ್ನ ಆದೇಶವನ್ನು ತಾನೇ ಪುನರ್‌ಪರಿಶೀಲಿಸುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿದೆ. ಕರಾರಿನಲ್ಲಂತೂ ಯಾರು ಪರಿಶೀಲಿಸಬೇಕು, ಎಷ್ಟು ದಿನದೊಳಗೆ, ಆ ದಿನಗಳ ಎಣಿಕೆ ಯಾವಾಗಿನಿಂದ, ಕಾರಣ ಬರೆಯಬೇಕೇ ಎಂಬುದನ್ನೆಲ್ಲ ಬರೆದಿರದಿದ್ದರೆ ನಿಮ್ಮ ಅರ್ಜಿ ಬರಿಯ ಮನವಿಯಷ್ಟೇ. ಇಂಥ ನಿಯಮ ಹೇಗಿರಬೇಕೆಂದು ತಿಳಿಯಲು ಮಾಹಿತಿ ಹಕ್ಕು ಅಧಿನಿಯಮದ 19ನೇ ಪ್ರಕರಣವನ್ನು ಓದಿ ನೋಡಿ. ಉತ್ತರ ಬಂದ ಅಥವಾ ಉತ್ತರದ ಗಡುವು ಮುಗಿದ 30 ದಿನಗಳೊಳಗೆ ಮೇಲಿನ ದರ್ಜೆಯ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅವರು ಅದನ್ನು 30 ದಿನಗಳಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಅಧಿಕಾರಿ ಸುಮ್ಮನಿದ್ದರೂ ಅರ್ಜಿದಾರನ ದಾರಿ ಅಲ್ಲಿ ಮುಚ್ಚುವುದಿಲ್ಲ. ಇಲಾಖೆಗಳ ಕರಾರುಗಳಲ್ಲೂ ಇಷ್ಟು ಸ್ಪಷ್ಟತೆ ಏಕಿರಬಾರದು?

ಟೆಂಡರ್ ಪಾರದರ್ಶಕತೆ ಅಧಿನಿಯಮದಡಿ 30 ದಿನಗಳೊಳಗೆ ಮೇಲ್ಮನವಿ ಹೋಗಬಹುದೆಂದು ಯಾರಾದರೂ ಸಲಹೆ ಕೊಟ್ಟಾರು. ಅದು ಟೆಂಡರ್ ಅಂಗೀಕಾರದ ಹಂತದ ಆದೇಶಗಳಿಗೆ ಇರುವ ದಾರಿ. ಬಿಲ್ಲಿನ ಕಡಿತಕ್ಕೆ ಅನ್ವಯಿಸದು.

ಕೊಟ್ಟ ಅರ್ಜಿಗಳಿಂದ ದಾವೆ ಹೂಡಲು ಇರುವ ಕಾಲಮಿತಿಯ ಎಣಿಕೆ ನಿಲ್ಲುವುದಿಲ್ಲ. ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಮಿತಿಯಿದೆ. ಜಾಗ ಹಸ್ತಾಂತರದ ದಿನಾಂಕವಿರುವ ಪತ್ರ, ಅಳತೆ ಪುಸ್ತಕದ ಪುಟಗಳು, ಅವಧಿ ವಿಸ್ತರಣೆ ಕೋರಿ ಬರೆದ ಪತ್ರಗಳ ದೃಢೀಕೃತ ಪ್ರತಿಗಳನ್ನು ಈಗಲೇ ಪಡೆದುಕೊಳ್ಳಿ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆಯೇ ಎಂದು ವಕೀಲರಿಗೆ ತೋರಿಸಿ. ಇಲ್ಲದಿದ್ದರೆ, ಸರ್ಕಾರದ ವಿರುದ್ಧ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಂತೆ 2 ತಿಂಗಳ ನೋಟಿಸು ಕೊಡಬೇಕಾಗುತ್ತದೆ. ಆ ನೋಟಿಸಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ.